ಯಾವ ಮೊಣಕೈ?

ಅಥೆನ್ಸಿನ ಕುಂಬಾರಗೇರಿಯಲ್ಲಿ ಮೆಲಿಟ್ಟ ಮೊದಲ ಬಾರಿಗೆ ಒಬ್ಬಳೇ ಬಟ್ಟಲಿಗೆ ಚಿತ್ರ ಬರೆಯುತ್ತಿದ್ದಳು. ಕೆಟ್ಟರೆ ಮತ್ತೆ ಮಣ್ಣು ತುಳಿಯುವ ಕೆಲಸವೇ ಗತಿ. ಬರೆಯಬೇಕಾದದ್ದು ಗಂಡಸರು ಮಂಚದಲ್ಲಿ ಒರಗಿ ದ್ರಾಕ್ಷಾರಸ ಕುಡಿಯುವ ಕೂಟ. ಅದು ನಡೆಯುವುದು ಮನೆಯ ಹೆಂಗಸರು ಇಣುಕುವಂತಿಲ್ಲದ ಕೋಣೆಯಲ್ಲಿ.

"ತಾತ, ಅವರು ಊರೋದು ಯಾವ ಮೊಣಕೈ?"

"ನನ್ನನ್ನ ಯಾರು ಕರೆದಿದ್ರಮ್ಮಾ? ಬಟ್ಟಲು ಬಾಗಿಲಲ್ಲೇ ಕೊಟ್ಟು ಬಂದೋನು ನಾನು," ಎಂದ ಮುದಿ ಕುಂಬಾರ ಯೂಫ್ರಾನ್. ಆದರೂ ನೆಲದ ಮೇಲೆ ಬಲಮೊಣಕೈ ಊರಿ ಮಲಗಿದ. ಎಡಗೈಯಿಂದ ನೀರು ಕುಡಿಯಲು ಹೋಗಿ ಗಡ್ಡವೆಲ್ಲ ನೆನೆಸಿಕೊಂಡ. ತಿರುಗಿ ಮಲಗಿದ. "ಎಡವೇ ಕಣಮ್ಮಾ!"

"ನಿಮ್ಮ ಎಡ ನನಗೆ ಬಲಕ್ಕೆ ಕಾಣ್ತಿದೆಯಲ್ಲ! ಹೇಗೆ ಬರೀಲಿ?"

"ನಂಗೂ ತಿಳೀದು. ಕಂಡ ಹಾಗೆ ಬರಿ, ಸೊಂಟ ಹಿಡ್ಕೊಂಡಿದೆ."

ಸರಿಯೋ ತಪ್ಪೋ ತಿಳಿಯದೆಯೇ ಅವಳು ಬರೆದಳು. ಕೊನೆಯ ಗೆರೆ ಮುಗಿಯುವವರೆಗೂ ತಾತ ಅಲುಗಾಡಲಿಲ್ಲ.