ಮದುವೆಯ ಡಿಸ್ಕು

ನಂದಾ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಸೋದರತ್ತೆ ಚಂದ್ರಕಲಾಳ ಬೆರಳಿಗಂಟಿದ್ದ ಮಾರ್ಕರ್ ಶಾಯಿ ತಿಕ್ಕುತ್ತಿದ್ದಳು. ಬಬಲೇಶ್ವರದ ಆ ಪಡಸಾಲೆಯಲ್ಲಿ ಮನೆಯವರು, ನೆರೆಯವರು ಹೆಣ ಕಾಯುತ್ತ ಕೂತಿದ್ದರು. ಚಂದ್ರಕಲಾಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ನಿನ್ನೆ ಸಂಜೆ ಅಣ್ಣನ ಫೋಟೋ ಸ್ಟುಡಿಯೋದಲ್ಲಿ, ಮದುವೆಯ ವಿಡಿಯೋ ಡಿಸ್ಕಿನ ಮೇಲೆ ಮದುಮಕ್ಕಳ ಹೆಸರು ಬರೆಯುತ್ತಲೇ ಎದೆ ಹಿಡಿದುಕೊಂಡು ಕುಸಿದವಳು.

ಕೈ ಒರೆಸಿದ ಮೇಲೆ ನಂದಾ ಒಂದು ಮೊಳ ಮಲ್ಲಿಗೆಯನ್ನು ಅತ್ತೆಯ ತುರುಬಿಗೆ ಮುಡಿಸಿದಳು. ನೆರೆಮನೆಯ ಮುದುಕಿ ಮುರಿಗೆವ್ವ ಕೈ ಚಾಚಿ ಕಿತ್ತು ಒಗೆದಳು.

"ಹೂವಾ ಮುತ್ತೈದಿಗಿ. ಇಕಿಗಿ ವಿಭೂತಿ ಸಾಕು."

"ಸತ್ತ ಮ್ಯಾಲೂ ಏನ್ ಆಯಿ?"

"ಸತ್ತ ಮ್ಯಾಲ ರೀತಿನೂ ಸಾಯ್ತದೇನು? ಸಾಲಿ ಬಿಟ್ಟಕಿಗಿ ನಾಲಗಿ ಭಾಳ ಉದ್ದ ಆಗೇತಿ ನೋಡ್!"

"ಸುಮ್ನ ಕುಂದ್ರ ಬೇ ನಂದಾ," ಎಂದಳು ತಾಯಿ ರೇಣುಕಾ.

* * *

ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು ಚಂದ್ರಕಲಾ ಟಿಕೋಟಾದಿಂದ ತವರಿಗೆ ಮರಳಿದ್ದಳು. ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಹತ್ತಿ ಸ್ಟುಡಿಯೋದ ಕಂಪ್ಯೂಟರು ಮೇಲಿಂದ ಮೇಲೆ ಕೆಡುತ್ತಿದ್ದಾಗ, ವಿಜಯಪುರದ ರಿಪೇರಿಯವನು ಅದಕ್ಕೆ ವೈರಸ್ ಅಷ್ಟಾಗಿ ಹತ್ತದ ಲಿನಕ್ಸ್ ವ್ಯವಸ್ಥೆ ಹಾಕಿಕೊಟ್ಟ. ಅಣ್ಣ ಭೀಮಾಶಂಕರನಿಗೆ ಅದು ಒಗ್ಗಲಿಲ್ಲ. ತಂಗಿ ಕಲಿತಳು, ಅವನು ಶಾಲೆ ಬಿಡಿಸಿ ತಂದು ಕೂರಿಸಿದ್ದ ಮಗಳು ನಂದಾಳಿಗೂ ಕಲಿಸಿದಳು.

"ಡಿಸ್ಕಿನ್ಯಾಗ ಬರದ ವಿಡಿಯೋ ಸರಿ ಕೂತೈತೋ ಇಲ್ಲೋ ಅಂತ ಮಷೀನು ತಿರಗಿ ಓದಿ ನೋಡ್ತದ. ಅಲ್ಲೀತನಕ ಟ್ರೇ ತಗೀಬ್ಯಾಡ, ಮಗಳ."

ಹೀಗೆ ಸುತ್ತಲಿನ ಊರುಗಳ ಮದುವೆಗಳೆಲ್ಲ ಚಂದ್ರಕಲಾಳ ಕೈಯಿಂದಲೇ ಡಿಸ್ಕಿಗಿಳಿದವು. ಒಮ್ಮೆ ಡಿಸ್ಕನ್ನು ಗಿರಾಕಿಗೆ ತಾನೇ ಕೊಡಲು ಹೊರಬಂದಳು. ಭೀಮಾಶಂಕರ ನಡುವೆಯೇ ಕಸಿದುಕೊಂಡ.

"ಒಳಗ ನಡಿ! ಲಗ್ನದ ಡಿಸ್ಕು ಮುಂಡಿ ಕೈಲೆ ಕೊಟ್ರ ನಾಳಿ ಅಂಗಡಿಗಿ ಯಾರ್ ಬರ್ತಾರ?"

ಮರುದಿನವೇ ಕಂಪ್ಯೂಟರಿಗೆ ಅಡ್ಡ ಪರದೆ ಬಂತು. ಚಂದ್ರಕಲಾ ಸಂದಿಯಿಂದ ಡಿಸ್ಕು ಚಾಚುವಳು. ರೇಣುಕಾ ಅರಿಷಿಣ ಕುಂಕುಮ ಹಚ್ಚಿ ಗಿರಾಕಿಗೆ ಕೊಡುವಳು.

* * *

ಅಂಗಳದಲ್ಲಿ ಭಜನೆ ನಡೆದಿರುವಾಗಲೇ ಹೊನವಾಡದ ಹಣಮಂತರಾಯ ಬಂದು ಬಾಗಿಲಲ್ಲಿ ನಿಂತ.

"ಇಂಥಾದ್ರಾಗ ಕೇಳಬಾರದ್ರಿ, ಭೀಮಾಶಂಕರ. ಮಗಳ ಲಗ್ನದ ಡಿಸ್ಕು... ಬೀಗರು ಸಂಜಿಗೆ ಸೊಲ್ಲಾಪುರಕ್ಕ ಹೊಂಟಾರ."

"ಅದಕ್ಕೇನ್ರಿ, ಈಗ ಕೊಡಸ್ತೀನಿ." ಭೀಮಾಶಂಕರ ಒಳಗೆ ಬಂದ. "ನಂದಾ, ಏಳು. ಇವರದೊಂದ್ ಡಿಸ್ಕು ಇನ್ನೂ ಆಗಿಲ್ಲ, ಮಾಡಿ ಬಾ. ಇನ್ನ ಆ ಕುರ್ಚಿ ನಿಂದ."

ನಂದಾ ಕೂತಲ್ಲಿಂದ ಏಳಲಿಲ್ಲ. "ಹೆಣದ ಮನಿ ಕೈ ನಡೀತದೇನಪ್ಪಾ, ಲಗ್ನದ ಡಿಸ್ಕಿಗಿ?"

"ಪರದೇದ ಹಿಂದ ಯಾರ್ ನೋಡ್ತಾರ?"

ಅಪ್ಪನೆದುರು ಎಂದೂ ತಲೆಯೆತ್ತದ ಹುಡುಗಿ ನೆಲದ ಮಲ್ಲಿಗೆ ಎತ್ತಿಕೊಂಡು ಎದ್ದು ನಿಂತಳು. "ಇದನ್ನ ಸೋದರತ್ತಿಗಿ ಮುಡಸ್ರಿ. ಆಮ್ಯಾಲ ಹೋಗ್ತೀನಿ."

ಅಂಗಳದ ಭಜನೆಯ ತಾಳ ನಿಂತಿತು. ಹಣಮಂತರಾಯ ತನ್ನ ಚಪ್ಪಲಿ ನೋಡಿಕೊಂಡ. ಮುರಿಗೆವ್ವ ಮೋರೆ ತಿರುವಿದಳು.

ನಂದಾ ಹೂವನ್ನು ತಾಯಿಯತ್ತ ಚಾಚಿದಳು. "ಅವ್ವಾ, ನೀನರ ಮುಡಸು."

ರೇಣುಕಾ ಹೂವಿಗೆ ಕೈ ಚಾಚದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಡನ ಮುಖ ನೋಡಿದಳು.