ಕಂಪನಿ ಕೈಬಿಟ್ಟ ಸಿಸ್ಟಮ್

ನನ್ನ ಮಗನ ಸೂತಕ ಕಳೆಯುವ ಮೊದಲೇ ಅವನ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿ ಹಾಕಿದರು. ಇದನ್ನು ಮೆತ್ತಗೆ ಹೇಳುವುದು ನನ್ನಿಂದಾಗದು.

ಮಗ ಸುಧಾಕರ ತದಡಿ ಬಂದರಿನ ದಾರಿಯಲ್ಲಿ ಅಂಗಡಿ ಇಟ್ಟಿದ್ದ. ಬೋಟುಗಳ ಜಿಪಿಎಸ್, ವೈರ್‌ಲೆಸ್ ರಿಪೇರಿ ಅವನ ಕಸುಬು. ಸೊಸೆ ಗಂಗಾ ಅವನ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಸಮುದ್ರದ ತಳದಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಬಲೆ ಹರಿಯುತ್ತದೆ ಎಂಬುದನ್ನು ಬೋಟು ನಡೆಸುವವರು ತಮ್ಮ ಜಿಪಿಎಸ್ ಪೆಟ್ಟಿಗೆಯಲ್ಲಿ ಗುರುತು ಮಾಡಿಕೊಂಡಿರುತ್ತಾರೆ. ಅದಕ್ಕೆ ಪಾಯಿಂಟ್ ಎನ್ನುತ್ತಾರೆ. ಮಳೆಗಾಲದಲ್ಲಿ ಬೋಟು ದಡದಲ್ಲಿ ನಿಂತಾಗ ಹಳೆಯ ಪೆಟ್ಟಿಗೆಗಳು ಎಲ್ಲವನ್ನೂ ಮರೆತುಬಿಡುತ್ತವೆ. ಆದ್ದರಿಂದ ಮೀನುಗಾರಿಕೆ ಬಂದ್ ಆಗುವಾಗ ಪಾಯಿಂಟುಗಳನ್ನು ಸುಧಾಕರನ ಕಂಪ್ಯೂಟರಿಗೆ ಇಳಿಸುವುದು, ಹೊರಡುವ ಮೊದಲು ಮತ್ತೆ ಪೆಟ್ಟಿಗೆಗೆ ತುಂಬಿಸಿಕೊಳ್ಳುವುದು ನಮ್ಮಲ್ಲಿ ರೂಢಿ.

ಈ ಇಳಿಸುವ, ತುಂಬಿಸುವ ಪ್ರೋಗ್ರಾಮು ವಿಂಡೋಸ್ ಸೆವೆನ್ ಬಿಟ್ಟು ಬೇರೆ ಯಾವುದರಲ್ಲೂ ಓಡುವುದಿಲ್ಲ. ಕಂಪನಿ ಆ ವಿಂಡೋಸನ್ನು ಕೈಬಿಟ್ಟು ವರ್ಷಗಳಾದವು. ಸುಧಾಕರ ಬಿಡಲಿಲ್ಲ. ಅದಕ್ಕೆಂದು ಬಂದ ಅಪ್‌ಡೇಟುಗಳನ್ನೆಲ್ಲ ಹುಡುಕಿ ತಂದು, ಕೊನೆಯದರವರೆಗೆ ಒಂದನ್ನೂ ತಪ್ಪಿಸದೆ ಹಾಕಿದ್ದ. ದೋಣಿ ಹಳೆಯದೆಂದು ಹಲಗೆಯ ಸಂದಿಗೆ ಹತ್ತಿ ತುಂಬದೆ ನೀರಿಗಿಳಿಸುವವರುಂಟೆ ಎಂದು ನಕ್ಕವರನ್ನು ಕೇಳುತ್ತಿದ್ದ.

ಆಷಾಢದಲ್ಲಿ ಅವನು ಹೋದ. ಎದೆನೋವೆಂದು ಕುಮಟೆಗೆ ಒಯ್ಯುವಾಗ ದಾರಿಯಲ್ಲೇ ಉಸಿರು ನಿಂತಿತು. ದೇವರ ಇಚ್ಛೆಯನ್ನು ಪ್ರಶ್ನಿಸಬಾರದೆಂದು ಸಾವಿನ ಮನೆಗಳಲ್ಲಿ ಹೇಳಿಕೊಂಡು ಬಂದವನು ನಾನು. ಈಗ ಅದನ್ನು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಸೂತಕದಲ್ಲಿ ಮನೆಯವರು ಅಂಗಡಿಯ ಬಾಗಿಲು ತೆಗೆಯುವಂತಿಲ್ಲ. ಬೋಟು ಹೊರಡುವ ದಿನವೋ ಹತ್ತಿರ ಬಂದಿತ್ತು. ಗಂಗಾಳ ತಮ್ಮ ಸಂಜಯನಿಗೆ ನಮ್ಮ ಸೂತಕವಿಲ್ಲ. ಸಾಲದ್ದಕ್ಕೆ ಅವನು ಹೊನ್ನಾವರದಲ್ಲಿ ಕಂಪ್ಯೂಟರ್ ಮಾರುವವನು. ಅವನಿಗೆ ಕೀಲಿ ಕೊಟ್ಟೆವು. ಬಂದವರಿಗೆ ಪಾಯಿಂಟು ತುಂಬಿಸಿ ಕೊಡು, ಬೇರೇನನ್ನೂ ಮುಟ್ಟಬೇಡ ಎಂದು ಗಂಗಾ ಹೇಳಿಯೇ ಕಳಿಸಿದ್ದಳು.

ಸೂತಕ ಕಳೆದ ಮರುದಿನ ಅಂಗಡಿಗೆ ಹೋದೆವು. ಕಂಪ್ಯೂಟರಿನಲ್ಲಿ ಹೊಸ ಸಿಸ್ಟಮ್ ಹೊಳೆಯುತ್ತಿತ್ತು. ಎದುರಿನ ಬೆಂಚಿನ ಮೇಲೆ ಬೋಟು ನಡೆಸುವ ನಾಗ ತನ್ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಾಯಿಂಟುಗಳನ್ನು ಸಂಜಯ ಬೇರೆ ಕಡೆ ಉಳಿಸಿಟ್ಟಿದ್ದನಂತೆ. ಆದರೆ ಅವನ್ನು ತೆರೆಯುವ ಪ್ರೋಗ್ರಾಮು ಹೊಸದರಲ್ಲಿ ಏಳುವುದೇ ಇಲ್ಲ. ಅದಕ್ಕಾಗಿ ಅವನಿಗೆ ನಾಚಿಕೆಯೂ ಇರಲಿಲ್ಲ. ಎಲ್ಲರೂ ಹೊಸ ಪೆಟ್ಟಿಗೆ ಕೊಂಡರಾಯಿತು, ತಾನೇ ತರಿಸಿ ಕೊಡುತ್ತೇನೆ ಎಂದ.

“ಹೊಸದು ಚಂದ ಅದೆ ಸಂಜಯ. ಕಲ್ಲು ಮಾತ್ರ ಹಳೇ ಜಾಗದಲ್ಲೇ ಅದೆ” ಎಂದ ನಾಗ.

“ಅದು ಸತ್ತ ಸಿಸ್ಟಮ್ ಮಾವ” ಎಂದು ಸಂಜಯ ನನ್ನ ಕಡೆ ತಿರುಗಿದ. “ಕಂಪನಿಯೇ ಕೈಬಿಟ್ಟದೆ. ಭಾವ ಸುಮ್ನೆ ಹೆಣಕ್ಕೆ ಅಂಗಿ ತೊಡಿಸ್ತಾ ಕೂತಿದ್ದ.”

ನನ್ನೆದುರು ಈ ಮಾತು. ನಾನು ಕುರ್ಚಿಯನ್ನು ಅವನ ಕಡೆ ಎಳೆದೆ.

“ಹೆಣಕ್ಕೆ ಬಟ್ಟೆ ಹೊದೆಸಿದ್ದು ನಾನು. ಅದು ಹೇಗಿರ್ತದೆ ಅಂತ ನಂಗೆ ಗೊತ್ತು. ಇದು ಅದಲ್ಲ. ಕೂತ್ಕ. ಮೊದಲಿದ್ದ ಹಾಗೆ ಮಾಡು.”

ಅವನು ಗೊಣಗುತ್ತ ಹಳೆಯ ಡಿಸ್ಕ್ ಹುಡುಕಿ ಹಾಕಿದ. ವಿಂಡೋಸ್ ಸೆವೆನ್ ಬಂತು, ಪ್ರೋಗ್ರಾಮೂ ಎದ್ದಿತು. ಆದರೆ ನಾಗನ ಪೆಟ್ಟಿಗೆಯ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರು ಅದನ್ನು ಗುರುತಿಸಲಿಲ್ಲ. ಕೇಬಲ್ ಹಾಳಾಗಿದೆ ಎಂದು ಸಂಜಯ ಕೈ ತೊಳೆದುಕೊಂಡ.

ಅಲ್ಲಿಯವರೆಗೆ ಹೊಸ್ತಿಲಾಚೆ ನಿಂತಿದ್ದ ಗಂಗಾ ಒಳಗೆ ಬಂದಳು. “ಕೇಬಲ್ ಸರಿ ಅದೆ. ನೀ ಹಾಕಿದ್ದು ಬರೀ ಹಳೇದು. ಅಪ್‌ಡೇಟ್ ಎಲ್ಲ ಹಾಕದೆ ಹೋದ್ರೆ ಅದು ಈ ಕೇಬಲನ್ನ ಒಪ್ಪೂದಿಲ್ಲ. ಏಳು, ನಾ ಹಾಕ್ತೆ.”

ಅವನು ಏಳಲಿಲ್ಲ. “ವರ್ಷ ಕಳಿಯೂ ತನಕ ನೀ ಅಂಗಡಿಗೆ ಬಂದು ಕೂರುದಲ್ಲ ಅಕ್ಕ. ಊರವರು ಎಂತ ಹೇಳ್ತಾರೆ? ಅಂಗಡಿ ನಾ ನೋಡ್ಕಂತೆ.”

ಹಳೆಯದನ್ನು ಯಾಕೆ ಅಳಿಸಿದ ಎಂಬುದು ಆಗ ನನಗೆ ಅರ್ಥವಾಯಿತು. ಗಂಗಾಳಿಗೆ ಗೊತ್ತಿದ್ದ ಕೆಲಸ ಅದರಲ್ಲಿತ್ತು. ಅದು ಹೋದರೆ ಅವಳಿಗೆ ಆ ಕುರ್ಚಿಯಲ್ಲಿ ಕೆಲಸವಿಲ್ಲ. ನಾನು ಒಂದು ಏಕಾದಶಿ ಬಿಟ್ಟವನಲ್ಲ, ಸೂತಕದ ಒಂದು ನೇಮ ಮೀರಿದವನಲ್ಲ. ಅಂಥ ನನ್ನೆದುರು ಶಾಸ್ತ್ರದ ಹೆಸರು ಹಿಡಿದು ವಿಧವೆಯ ಅನ್ನಕ್ಕೆ ಕೈ ಹಾಕುತ್ತಾನೆ! ಯಾವ ದೇವರು ಇದನ್ನು ಹೇಳಿದ?

“ಊರವರಿಗೆ ನಾ ಹೇಳ್ತೆ” ಎಂದೆ. “ನೀ ಏಳು.”

ಗಂಗಾ ಕೂತಳು. ಅಪ್‌ಡೇಟುಗಳು ಕಂಪನಿಯ ಸೈಟಿನಲ್ಲಿ ಇನ್ನೂ ಸಿಗುತ್ತವೆ. ಆದರೆ ಯಾವುದರ ಮೇಲೆ ಯಾವುದು ಎಂಬ ಕ್ರಮವಿದೆ. ಗಂಡನೂ ಹೆಂಡತಿಯೂ ಹಿಂದೊಮ್ಮೆ ಜೊತೆಗೆ ಕೂತು ಮಾಡಿದ ಕೆಲಸವೇ ಅದು. ಒಂದು ಹಾಕುವುದು, ಕಂಪ್ಯೂಟರು ಆರಿ ಹೊತ್ತಿಕೊಳ್ಳುವವರೆಗೆ ಕಾಯುವುದು, ಮತ್ತೊಂದು ಹಾಕುವುದು. ನಡುವೆ ಕಣ್ಣೊರೆಸಿಕೊಂಡಳು, ಕೈ ನಿಲ್ಲಿಸಲಿಲ್ಲ. ನಾಗ ಬೆಂಚಿನ ಮೇಲೆಯೇ ನಿದ್ದೆ ಹೋದ. ಬಿಸಿಲಿಳಿಯುವ ಹೊತ್ತಿಗೆ ಕೇಬಲ್ ಹಿಡಿಯಿತು. ಪಾಯಿಂಟುಗಳು ಒಂದರ ಹಿಂದೊಂದು ಪೆಟ್ಟಿಗೆಗೆ ಹೋದವು.

“ಈಗ ಎಲ್ಲ ಸರಿ ಆತಲ್ಲ ಮಾವ. ಅಷ್ಟು ಸಿಟ್ಟು ಎಂತಕೆ?” ಎಂದ ಸಂಜಯ.

ಸರಿ ಮಾಡಿದ್ದು ಅವಳು, ಹೇಳುವವನು ಇವನು. ಕೀಲಿಯನ್ನು ಮೇಜಿನ ಮೇಲಿಡು ಎಂದೆ. ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ.

ಮುಂದಿನ ಬೋಟಿನವರನ್ನು ಕಳಿಸು ಎಂದು ಗಂಗಾ ನಾಗನಿಗೆ ಹೇಳಿದಳು. ದಾರಿಯಲ್ಲಿ ಮೀನುಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸರು ನಿಂತು ಒಳಗೆ ಇಣುಕಿದರು, ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ನಾನು ಬಾಗಿಲಿಗೆ ಸ್ಟೂಲು ಎಳೆದುಕೊಂಡು ಕೂತೆ. ಅಂದು ಸಂಜೆ ದೇವರಿಗೆ ದೀಪ ಹಚ್ಚಲೂ ಮನೆಗೆ ಹೋಗಲಿಲ್ಲ.