ಆರುನೂರರ ಗೆರೆ

ಮಾವ ಪ್ಲೇಟಿನ ಮೇಲೆ ಆರುನೂರರ ಗೆರೆ ಎಳೆದು, ಸೀಮೆಸುಣ್ಣದ ಕೈ ಕೊಡವಿ, ಗ್ಯಾಸ್ ಹಚ್ಚುವಂತೆ ಕಟ್ಟರ್‌ನವನಿಗೆ ಕಣ್ಸನ್ನೆ ಮಾಡಿದ್ದರು. ಅಷ್ಟರಲ್ಲಿ ಐಸಕ್ಕ ನಕ್ಷೆಯನ್ನು ಎತ್ತಿಕೊಂಡು ಬಂದು ಆ ಗೆರೆಯ ಮೇಲೇ ಹಾಸಿಬಿಟ್ಟಳು.

"ತಡೀರಿ ಮಾವ. ಇದು ಐಸೋ ಅಲ್ಲ."

ಕಟ್ಟರ್‌ನವನು ಲೈಟರನ್ನು ಹಿಡಿದಲ್ಲೇ ಹಿಡಿದುಕೊಂಡು ನಿಂತ. ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದವನು ಮುಖದ ಗುರಾಣಿ ಮೇಲೆತ್ತಿ ನೋಡಿದ. ಆ ಶೆಡ್ಡಿನಲ್ಲಿ ಮಾವನ ಗೆರೆಗೆ ಅಡ್ಡ ಬಂದವರು ಅದುವರೆಗೆ ಯಾರೂ ಇರಲಿಲ್ಲ.

ಐಸಕ್ಕ ಅನ್ನುವುದು ಅವಳ ಹೆಸರೇನಲ್ಲ. ಸಂಜೆ ಡ್ರಾಯಿಂಗ್ ಕ್ಲಾಸಿಗೆ ಸೇರಿದ ಮೇಲೆ ಅವಳು ತಿಂಡಿ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡದೆ ಐಸೋಮೆಟ್ರಿಕ್ ಪೆಟ್ಟಿಗೆಗಳನ್ನು ಬರೆದೂ ಬರೆದೂ ಇಡುತ್ತಿದ್ದಳಲ್ಲ, ಅದಕ್ಕೆ ಬೆಸುಗೆಯವನು ಇಟ್ಟ ಅಡ್ಡಹೆಸರು. ಮೇಸ್ತ್ರಿ ಅವಳಿಗೆ ಸ್ವಂತ ಸೋದರಮಾವ. ಹದಿನಾಲ್ಕು ವರ್ಷ ಗ್ರೈಂಡರ್ ಹಿಡಿದು, ಕಿಡಿಗೆ ಸೀರೆಯಂಚು ತೂತು ಮಾಡಿಕೊಂಡವಳನ್ನು ಹೋದ ತಿಂಗಳಷ್ಟೇ ಮಾಲೀಕನ ಹತ್ತಿರ ಜಗಳಾಡಿ ಗುರುತು ಹಾಕುವ ಮೇಜಿಗೆ ತಂದು ನಿಲ್ಲಿಸಿದ್ದರು. ಮಾಲೀಕ ಮುಖ ಗಂಟಿಕ್ಕಿಕೊಂಡೇ ಒಪ್ಪಿದ್ದ. ಈ ಮೇಜಿನಿಂದ ಒಂದೇ ಒಂದು ಪ್ಲೇಟು ಹಾಳಾದರೂ ಅವಳು ಗ್ರೈಂಡರಿಗೆ ವಾಪಸ್, ಆಮೇಲೆ ಮೇಜಿನ ಮಾತೇ ಎತ್ತಬಾರದು ಎಂದು ಷರತ್ತು ಹಾಕಿದ್ದ.

ಇವತ್ತಿನ ಪ್ಲೇಟು ಅಂತಿಂಥದ್ದಲ್ಲ. ಹೆಬ್ಬೆರಳು ದಪ್ಪದ್ದು, ಮೂರು ವಾರ ಕಾದ ಮೇಲೆ ಬಂದದ್ದು, ಇದ್ದದ್ದೂ ಒಂದೇ. ನೀರು ಸರಬರಾಜಿನ ಪಂಪು ಕೂರುವ ಪೀಠಕ್ಕೆ ಮೇಲಿನ ಹೊದಿಕೆ ಅದು, ತೇಪೆ ಹಾಕುವಂತಿಲ್ಲ. ನಕ್ಷೆಯೋ ಓಬೀರಾಯನ ಕಾಲದ್ದು. ಅಗಲ ಒಂಬೈನೂರು ಅಂತ ಬರೆದಿತ್ತು, ಎತ್ತರವೂ ಇತ್ತು. ಆಳದ ಅಂಕಿ ಇದ್ದ ಜಾಗದಲ್ಲೇ ಕಾಗದ ಮಡಿಸಿ ಮಡಿಸಿ ಸವೆದುಹೋಗಿತ್ತು. ಪಂಪಿನವರಿಗೆ ಫೋನ್ ಮಾಡಿದರೆ ಹಳೇ ಪೀಠ ಗುಜರಿಗೆ ಹೋಯಿತು, ಪಂಪು ರಿಪೇರಿಗೆ ಬೇರೆ ಊರಿಗೆ ಹೋಗಿದೆ, ನಮ್ಮ ಹತ್ತಿರ ಇರುವುದು ಆ ಹಾಳೆ ಒಂದೇ ಎಂದು ಕೈ ತೊಳೆದುಕೊಂಡಿದ್ದರು. ಹಾಗಾಗಿ ಮಾವ ನಕ್ಷೆಯ ಓರೆ ಗೆರೆಗೇ ಸ್ಕೇಲು ಇಟ್ಟು ಅಳೆದರು. ಅರವತ್ತು ಮಿಲಿಮೀಟರ್ ಬಂತು. ನಕ್ಷೆ ಹತ್ತರಲ್ಲಿ ಒಂದು ಪಾಲು, ಆರುನೂರು. ಲೆಕ್ಕ ಮುಗಿಯಿತು.

ಐಸೋ ಆಗಿದ್ದರೆ ಅದು ಸರಿಯೇ. ಅದರಲ್ಲಿ ಉದ್ದ, ಎತ್ತರ, ಆಳ ಮೂರನ್ನೂ ಒಂದೇ ಅಳತೆಯಲ್ಲಿ ಬರೆದಿರುತ್ತಾರೆ. ಆದರೆ ಆ ಶೆಡ್ಡಿನಲ್ಲಿ ಓರೆಯಾಗಿ ಕಾಣುವ ಚಿತ್ರಕ್ಕೆಲ್ಲ ಐಸೋ ಅಂತಲೇ ಹೆಸರು. ಮಾವನಿಗೆ ಅವರ ಮೇಸ್ತ್ರಿ ಹಾಗೆ ಹೇಳಿಕೊಟ್ಟಿದ್ದರು, ಮಾವ ಇವಳಿಗೆ ಹೇಳಿಕೊಟ್ಟಿದ್ದರು. ಅಂಕಿಗಳು ಬರೆದಿರುವ ತನಕ ಯಾವ ಹೆಸರಾದರೇನು, ಕೆಲಸ ನಡೆದುಹೋಗುತ್ತಿತ್ತು.

"ಐಸೋ ಅಲ್ಲದೆ ಇನ್ನೇನೇ ಅದು?" ಎಂದರು ಮಾವ. ದನಿ ಏರಲಿಲ್ಲ. ಅವರ ದನಿ ಏರದಿದ್ದಾಗಲೇ ಹೆಚ್ಚು ಹೆದರಬೇಕು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಅವಳು ಆದರೂ ಜಗ್ಗಲಿಲ್ಲ. ಮಗಳ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತೆಗೆದು ನಕ್ಷೆಯಲ್ಲಿದ್ದ ಪೀಠದ ಮೂರು ಅಂಚು ಕೂಡುವ ಮೂಲೆಯ ಮೇಲಿಟ್ಟಳು. ಐಸೋ ಆಗಿದ್ದರೆ ಮೂರು ಕೋನವೂ ನೂರಿಪ್ಪತ್ತು ಇರಬೇಕಿತ್ತು. ಇಲ್ಲಿ ಒಂದು ತೊಂಬತ್ತೇಳು. ಉಳಿದೆರಡೂ ನೂರಮೂವತ್ತೊಂದೂವರೆಯ ಆಸುಪಾಸು. ಎರಡು ಸಮ, ಒಂದು ಬೇರೆ, ಇದಕ್ಕೆ ಡೈಮೆಟ್ರಿಕ್ ಅಂತಾರೆ, ಇದರಲ್ಲಿ ಹಿಂದಕ್ಕೆ ಹೋಗುವ ಗೆರೆಯನ್ನು ಅರ್ಧಕ್ಕೇ ಬರೆಯುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಮೂರೂ ಬೇರೆ ಬೇರೆ ಇದ್ದರೆ ಅದು ಟ್ರೈಮೆಟ್ರಿಕ್ ಅಂತಲೂ ಸೇರಿಸಿದಳು. ಅದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಬೆಸುಗೆಯವನು ಕಿಸಕ್ಕನೆ ನಕ್ಕ. ಐಸಕ್ಕ ಇನ್ನು ಮೇಲೆ ಡೈಮಕ್ಕನೋ ಎಂದ. ಮಾವ ನಗಲಿಲ್ಲ. ಬರೆದವನ ಕೈ ಜಾರಿರಬಹುದು, ಕಾಗದ ಹಿಗ್ಗಿರಬಹುದು, ನಾಲ್ಕು ದಿನ ಕ್ಲಾಸಿಗೆ ಹೋಗಿ ಫೇಲಾಗಿ ಬಂದವಳು ತಮಗೆ ನಕ್ಷೆ ಓದುವುದನ್ನು ಕಲಿಸಬೇಕಾಗಿಲ್ಲ ಎಂದುಬಿಟ್ಟರು. ಆ ಮಾತು ಅವಳಿಗೆ ಚುರ್ ಎಂದಿತು. ಕಣ್ಣು ತುಂಬಿಕೊಂಡಿತು. ಹಾಳಾಗಿ ಹೋಗಲಿ, ಅತ್ತರೆ ಅಳುತ್ತೇನೆ, ಆದರೆ ಈ ಪ್ಲೇಟು ಮಾತ್ರ ಅಲ್ಲಿ ಕತ್ತರಿಸುವುದಕ್ಕೆ ಬಿಡುವುದಿಲ್ಲ ಎಂದುಕೊಂಡಳು.

ಡಿವೈಡರ್ ತೆಗೆದು ಮಾವನ ಕೈಗೇ ಕೊಟ್ಟಳು.

"ನನ್ನ ಮಾತು ಬೇಡ, ಕೋನಾನೂ ಬೇಡ. ನಕ್ಷೇಲಿ ಪೀಠದ ಪಕ್ಕದ ಗೋಡೇಲಿ ತೂತಿದೆ ನೋಡಿ, ಇನ್ನೂರು ಅಂತ ಬರೆದಿದ್ದಾರೆ. ದುಂಡಗಿರೋ ತೂತು. ಅದನ್ನ ಎರಡೂ ಕಡೆ ನೀವೇ ಅಳೀರಿ."

ಮಾವ ಕನ್ನಡಕ ಒರೆಸಿ ಹಾಕಿಕೊಂಡರು. ತೂತಿನ ನಡುವೆ ಹಾದುಹೋಗುವಂತೆ ನೆಟ್ಟಗೆ ಮೇಲಕ್ಕೊಂದು, ಓರೆಯ ಅಂಚಿಗೆ ಸಮಾನಾಂತರವಾಗಿ ಇನ್ನೊಂದು ತೆಳು ಗೆರೆ ಎಳೆದರು. ಮೇಲಿಂದ ಕೆಳಕ್ಕೆ ಡಿವೈಡರ್ ಇಟ್ಟು ಸ್ಕೇಲಿಗೆ ಹಿಡಿದರು. ಇಪ್ಪತ್ತು ಮಿಲಿಮೀಟರ್. ಓರೆ ಗೆರೆಯ ಮೇಲೆ ಇಟ್ಟು ಹಿಡಿದರು. ಹತ್ತು. ಇನ್ನೊಮ್ಮೆ ಇಟ್ಟರು. ಹತ್ತೇ. ಎದುರಿನ ಗೋಡೆಯ ತೂತನ್ನೂ ಅಳೆದರು. ಅದೂ ಇನ್ನೂರರದೇ, ಅಡ್ಡಕ್ಕೂ ಉದ್ದಕ್ಕೂ ಇಪ್ಪತ್ತೇ.

ಒಂದೇ ತೂತು ಒಂದು ಕಡೆ ಇನ್ನೂರು, ಇನ್ನೊಂದು ಕಡೆ ನೂರು ಇರುವುದಕ್ಕೆ ಸಾಧ್ಯವಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಕಟ್ಟರ್‌ನವನು ಸದ್ದಿಲ್ಲದೆ ಲೈಟರನ್ನು ಜೇಬಿಗೆ ಹಾಕಿಕೊಂಡ.

"ಸಾವಿರದಿನ್ನೂರು," ಎಂದರು ಮಾವ ಕೊನೆಗೆ. ಆಮೇಲೆ ತಲೆ ಎತ್ತದೆ ಕೇಳಿದರು, "ಪರೀಕ್ಷೇಲಿ ಇದನ್ನೇ ಕೇಳಿದ್ರಾ?"

"ಹೂಂ. ಮೂರು ಚಿತ್ರ ಕೊಟ್ಟು, ಯಾವುದು ಯಾವ ಜಾತಿ ಬರೀರಿ ಅಂದಿದ್ರು."

"ಏನು ಬರೆದೆ?"

ಅವಳಿಗೆ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಮಾವ ಕಾಯುತ್ತಲೇ ಇದ್ದರು.

"ಐಸೋ ಅಂತ."

"ಮೂರಕ್ಕೂ?"

"ಮೂರಕ್ಕೂ, ಮಾವ."

ಮಾವ ಕನ್ನಡಕ ತೆಗೆದು ಜೇಬಿಗಿಟ್ಟರು. ಅಂಗೈಯಿಂದಲೇ ಗೆರೆಯನ್ನು ಉಜ್ಜಿದರು. ಸುಣ್ಣ ಪೂರ್ತಿ ಹೋಗುವ ತನಕ ಉಜ್ಜಿದರು, ಬಟ್ಟೆ ಚಾಚಿದ ಕಟ್ಟರ್‌ನವನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಆಮೇಲೆ ಟೇಪನ್ನು ಅವಳ ಕೈಗೆ ಕೊಟ್ಟು, ಅದರ ಕೊಕ್ಕೆಯ ತುದಿ ಹಿಡಿದುಕೊಂಡು ಪ್ಲೇಟಿನ ಆ ಕೊನೆಗೆ ಹೋದರು. ನೋಯುವ ಮಂಡಿಯನ್ನು ನಿಧಾನವಾಗಿ ಮಡಿಸಿ ನೆಲಕ್ಕೆ ಕೂತು, ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿ, ಜಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಎಳಿ," ಎಂದರು.

ಅವಳು ಎಳೆಯುತ್ತ ಹೋದಳು.